ಕಂಬದ ಹಿಂದೆ ಕೂತು ನೋಡಿದ ಆಟ

ಟಿಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಈ ಆಸನದಿಂದ ನೋಟಕ್ಕೆ ಅಡ್ಡಿ ಇದೆ ಎಂದು. ನಾನು ಅದನ್ನು ಓದಿರಲಿಲ್ಲ. ನಮ್ಮವರಿಗೆ ಓದಲು ಆಗುತ್ತಿರಲಿಲ್ಲ. ಆ ಸಂಗತಿ ನನಗೆ ಗೊತ್ತಾದದ್ದು ಆಮೇಲೆ.

ಬೋಸ್ಟನ್ ನಗರದ ಫೆನ್‌ವೇ ಪಾರ್ಕ್ ಎಂಬ ಬೇಸ್‌ಬಾಲ್ ಕ್ರೀಡಾಂಗಣ. ಮಧ್ಯಾಹ್ನದ ಬಿಸಿಲು. ಹಳೆಯ ಕಾಲದ ನೀಲಿ ಬಣ್ಣದ ಮರದ ಕುರ್ಚಿಗಳ ಸಾಲಿನಲ್ಲಿ ನಾನು, ನಮ್ಮವರು, ಹತ್ತು ವರ್ಷದ ಮೊಮ್ಮಗಳು ಕೂತೆವು. ಕೂತ ಮೇಲೆ ನೋಡುತ್ತೇನೆ, ನನ್ನ ಮೂಗಿನ ನೇರಕ್ಕೇ ಚಾವಣಿ ಹೊತ್ತ ಉಕ್ಕಿನ ಕಂಬ! ಚೆಂಡು ಎಸೆಯುವ ಆಟಗಾರ ನಿಲ್ಲುವ ಜಾಗ ಸರಿಯಾಗಿ ಆ ಕಂಬದ ಹಿಂದೆ. ಮದುವೆ ಛತ್ರದಲ್ಲಿ ಕಂಬದ ಹಿಂದೆ ಕೂತು ಧಾರೆ ನೋಡಿದ ಹಾಗಾಯಿತು.

“ನಿಮಗೆ ಕಾಣುತ್ತೇನ್ರೀ?” ಎಂದು ಕೇಳಿದೆ.

“ಓ, ಚೆನ್ನಾಗಿ ಕಾಣುತ್ತೆ” ಎಂದರು.

ನಾನು ಅವರತ್ತ ವಾಲಿ, ಅವರ ತಲೆಯ ಪಕ್ಕ ತಲೆಯಿಟ್ಟು ನೋಡಿದೆ. ಅಲ್ಲಿಂದ ಎಸೆಯುವವನು ಕಾಣುತ್ತಿದ್ದ. ಆದರೆ ಬ್ಯಾಟು ಹಿಡಿದು ನಿಲ್ಲುವ ಜಾಗ ಪೂರ್ತಿ ಕಂಬಕ್ಕೆ ಮರೆಯಾಗಿತ್ತು. ಕಾಣದ್ದನ್ನು ಇವರು ಚೆನ್ನಾಗಿ ಕಾಣುತ್ತೆ ಅನ್ನುವುದೇಕೆ? ಕೇಳಬೇಕು ಅನ್ನುವಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ಎಲ್ಲರೂ ಎದ್ದು ನಿಂತೆವು. ಪ್ರಶ್ನೆ ಹಾಗೇ ಉಳಿಯಿತು.

ನಾಲ್ಕು ಊರು, ನಾಲ್ಕು ಮೈದಾನ

ನಾವು ಹಾಸನದವರು. ನಮ್ಮವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅದಕ್ಕಿಂತ ಹೆಚ್ಚಾಗಿ ಅವರನ್ನು ಊರು ಬಲ್ಲದ್ದು ಕ್ರಿಕೆಟ್ ಸ್ಕೋರರ್ ಎಂದು. ಭಾನುವಾರ ಬಂದರೆ ಮೈದಾನದ ಬದಿಯಲ್ಲಿ ಒಂದು ಮೇಜು, ಒಂದು ಉದ್ದನೆಯ ಪುಸ್ತಕ, ಎರಡು ಪೆನ್ಸಿಲ್. ಆಟಗಾರರ ಜಗಳ ಬಂದರೆ ಕೊನೆಯ ಮಾತು ಆ ಪುಸ್ತಕದ್ದು. 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಾಗ ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು, ಕೇಳಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ ಬರೆದಿಟ್ಟವರು.

ಮೂರು ವರ್ಷದ ಹಿಂದೆ ಅವರ ಎಡಗಣ್ಣಿಗೆ ತೊಂದರೆ ಬಂತು. ಕಣ್ಣಿನ ಒಳಪದರದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಭಾಗವಿದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ವಯಸ್ಸಾದಂತೆ ಕೆಲವರಲ್ಲಿ ಅದು ಸವೆಯುತ್ತದೆ. ಅಂಚಿನಲ್ಲಿರುವುದು ಕಾಣುತ್ತದೆ, ನಡುವೆ ಇರುವುದು ಮಸುಕಾಗುತ್ತದೆ. “ಬಲಗಣ್ಣು ಚೆನ್ನಾಗಿದೆ, ಎಚ್ಚರವಾಗಿರಿ” ಎಂದು ಬೆಂಗಳೂರಿನ ವೈದ್ಯರು ಹೇಳಿದ್ದರು.

ಮಗಳ ಮನೆ ಇರುವುದು ಬೋಸ್ಟನ್ನಿನ ಹತ್ತಿರ. ಹಿಂದಿನ ಸಲ ಹೋದಾಗ ಟಿವಿಯಲ್ಲಿ ಬೇಸ್‌ಬಾಲ್ ನೋಡಿ ನೋಡಿ ನಮ್ಮವರಿಗೆ ರುಚಿ ಹತ್ತಿತ್ತು. ಅಮೆರಿಕದ ಪ್ರಮುಖ ಲೀಗಿನಲ್ಲಿ 30 ತಂಡಗಳಿವೆ. ಒಂದೊಂದಕ್ಕೂ ತನ್ನದೇ ಮೈದಾನ. ನಿವೃತ್ತರಾದ ಎಷ್ಟೋ ಗಂಡ ಹೆಂಡಿರು ನಾವು ಚಾರ್‌ಧಾಮಕ್ಕೆ ಹೊರಟಂತೆ ಆ ಮೂವತ್ತನ್ನೂ ನೋಡಿ ಬರಲು ಹೊರಡುತ್ತಾರೆ. “ಮೂವತ್ತು ಬೇಡ, ನಾಲ್ಕು ನೋಡೋಣ ಕಣೇ. ಕಣ್ಣಿರುವಾಗಲೇ ನೋಡಿಬಿಡೋಣ” ಎಂದರು ಇವರು. ಹೋದ ಬೇಸಿಗೆಯಲ್ಲಿ ಹೊರಟೇಬಿಟ್ಟೆವು. ರೈಲಿನಲ್ಲಿ ಮೊದಲು ಬಾಲ್ಟಿಮೋರಿಗೆ ಹೋಗಿ, ಅಲ್ಲಿಂದ ಫಿಲಡೆಲ್ಫಿಯಾ, ನ್ಯೂಯಾರ್ಕ್ ಮುಗಿಸಿ, ಕೊನೆಗೆ ಮಗಳ ಊರಿಗೇ ವಾಪಸು. ಒಟ್ಟು ಹತ್ತು ದಿನ.

ಬೇಸ್‌ಬಾಲ್ ಗೊತ್ತಿಲ್ಲದ ಮಕ್ಕಳಿಗೆ ಎರಡೇ ಮಾತು. ತಂಡಕ್ಕೆ 9 ಜನ, ಆಟಕ್ಕೆ 9 ಇನಿಂಗ್ಸ್. ಒಂದು ಇನಿಂಗ್ಸ್ ಎಂದರೆ ಎರಡೂ ತಂಡಗಳಿಗೆ ಒಂದೊಂದು ಸಲ ಬ್ಯಾಟಿಂಗ್. ಮೂರು ಮಂದಿ ಔಟಾದರೆ ಆ ಸರದಿ ಮುಗಿಯಿತು. ಮೈದಾನದಲ್ಲಿ ವಜ್ರದ ಆಕಾರದಲ್ಲಿ ನಾಲ್ಕು ನೆಲೆಗಳಿರುತ್ತವೆ, ಒಂದರಿಂದ ಇನ್ನೊಂದಕ್ಕೆ 90 ಅಡಿ. ಚೆಂಡು ಹೊಡೆದು, ನಾಲ್ಕೂ ಸುತ್ತಿ, ಹೊರಟಲ್ಲಿಗೇ ಮರಳಿದರೆ ಒಂದು ರನ್. ಎಸೆಯುವವನು ಅರವತ್ತೂವರೆ ಅಡಿ ದೂರದಿಂದ ಎಸೆಯುತ್ತಾನೆ. ಚೆಂಡು ನೆಲಕ್ಕೆ ಪುಟಿಯುವಂತಿಲ್ಲ. ಕೈಬಿಟ್ಟ ಅರ್ಧ ಸೆಕೆಂಡಿನೊಳಗೆ ಬ್ಯಾಟಿನ ಹತ್ತಿರ ಬಂದಿರುತ್ತದೆ. ಅಷ್ಟರಲ್ಲಿ ನೋಡಬೇಕು, ನಿರ್ಧರಿಸಬೇಕು, ಬೀಸಬೇಕು. ಕಣ್ಣು ಒಂದಿಷ್ಟು ಮೋಸ ಮಾಡಿದರೂ ಮುಗಿಯಿತು.

ಬಾಲ್ಟಿಮೋರಿನ ಕ್ಯಾಮ್‌ಡೆನ್ ಯಾರ್ಡ್ಸ್ ಮೈದಾನ 1992ರದು. ಅದರ ಬೆನ್ನಿಗೆ ಸಾವಿರ ಅಡಿ ಉದ್ದದ ಹಳೆಯ ರೈಲ್ವೆ ಗೋದಾಮು, ಕೆಂಪು ಇಟ್ಟಿಗೆಯದು. ನಡುವಿನ ಬೀದಿಯಲ್ಲಿ ಚೆಂಡು ಬಂದು ಬಿದ್ದ ಜಾಗಗಳಿಗೆಲ್ಲ ಚೆಂಡಿನಾಕಾರದ ಲೋಹದ ಬಿಲ್ಲೆ ಕೂರಿಸಿದ್ದಾರೆ. ಬೇಬ್ ರೂತ್ ಎಂಬ ಮಹಾ ಆಟಗಾರ 1895ರಲ್ಲಿ ಹುಟ್ಟಿದ ಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ಫಿಲಡೆಲ್ಫಿಯಾದಲ್ಲಿ ತಮ್ಮವರು ಹೋಮ್ ರನ್ ಹೊಡೆದರೆ ದೊಡ್ಡದೊಂದು ಗಂಟೆಯಾಕಾರ ದೀಪ ಬೆಳಗಿ ತೂಗಾಡುತ್ತದೆ. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ ಪಕ್ಕದಲ್ಲೇ ಮೇಲುಸೇತುವೆಯ ಮೇಲೆ ರೈಲು ಗಡಗಡ ಹಾದುಹೋಗುತ್ತದೆ.

ಬಾಲ್ಟಿಮೋರಿನಲ್ಲಿ ನಮ್ಮವರು ಸ್ಕೋರ್ ಹಾಳೆ ಕೊಂಡು, ಪೆನ್ಸಿಲ್ ಚೂಪು ಮಾಡಿ ಕೂತರು. ಬೇಸ್‌ಬಾಲಿನ ಸ್ಕೋರ್ ಬರೆಯುವ ಪದ್ಧತಿಯನ್ನು ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವನು. “ನೋಡಿದ್ಯಾ, ಮೂಲದಲ್ಲಿ ನಮ್ಮವನೇ” ಎಂದು ಇವರಿಗೆ ಹೆಮ್ಮೆ. ಆದರೆ ನಾಲ್ಕನೇ ಇನಿಂಗ್ಸಿನ ಹೊತ್ತಿಗೆ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಫಿಲಡೆಲ್ಫಿಯಾದಲ್ಲಿ ಹಾಳೆ ಪೆನ್ಸಿಲ್ ಎರಡನ್ನೂ ನನ್ನ ಕೈಗೆ ಕೊಟ್ಟು, “ಬೆರಳು ನೋಯುತ್ತೆ, ನೀನೇ ಬರಿ. ನಾನು ಹೇಳಿಕೊಡ್ತೀನಿ” ಎಂದರು. ನಲವತ್ತೈದು ವರ್ಷ ಆ ಪುಸ್ತಕ ಮುಟ್ಟಲು ಬಿಡದವರು ಈಗ ಕರೆದು ಕೊಡುತ್ತಿದ್ದಾರೆ ಎಂದು ನಾನು ಹಿಗ್ಗಿದೆ.

ಕಲಿಯುವುದು ಕಷ್ಟವೇನಲ್ಲ. ಮೈದಾನದ ಒಂಬತ್ತು ಜಾಗಕ್ಕೂ ಒಂದೊಂದು ಅಂಕಿ. ಎಸೆಯುವವನು 1, ಹಿಂದೆ ಕೂತು ಹಿಡಿಯುವವನು 2, ಹೀಗೆ. ಚೌಕದಲ್ಲಿ 6-4-3 ಎಂದು ಬರೆದರೆ, ಎರಡನೇ ಮತ್ತು ಮೂರನೇ ನೆಲೆಗಳ ನಡುವೆ ನಿಂತವನು ಚೆಂಡು ಹಿಡಿದು ಎರಡನೇ ನೆಲೆಯವನಿಗೆ ಎಸೆದ, ಅವನು ಮೊದಲ ನೆಲೆಯವನಿಗೆ ಎಸೆದ, ಒಂದೇ ಏಟಿಗೆ ಇಬ್ಬರು ಔಟ್ ಎಂದರ್ಥ. ಮೂರು ಚೆಂಡು ತಪ್ಪಿಸಿಕೊಂಡು ಔಟಾದವನಿಗೆ ಇಂಗ್ಲಿಷಿನ ಕೆ ಅಕ್ಷರ. ಕೊನೆಯ ಚೆಂಡಿಗೆ ಬ್ಯಾಟನ್ನೇ ಬೀಸದೆ ನೋಡುತ್ತಾ ನಿಂತು ಔಟಾದರೆ, ಆ ಕೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ನನಗೆ ಬಹಳ ಇಷ್ಟವಾದದ್ದು ಈ ತಿರುಗಿಸಿದ ಕೆ.

ಹಸಿರು ಗೋಡೆ, ಕೆಂಪು ಕುರ್ಚಿ

ಆಟದ ಹಿಂದಿನ ದಿನ ಫೆನ್‌ವೇ ಪಾರ್ಕನ್ನು ಸುತ್ತಾಡಿಸಿ ತೋರಿಸುವ ಗುಂಪಿನಲ್ಲಿ ಹೋದೆವು. ಇದು ಆರಂಭವಾದದ್ದು 1912ರ ಏಪ್ರಿಲ್ 20ರಂದು, ಟೈಟಾನಿಕ್ ಹಡಗು ಮುಳುಗಿದ ಐದು ದಿನಕ್ಕೆ. ಆ ಲೀಗಿನಲ್ಲಿ ಈಗಲೂ ಆಟ ನಡೆಯುವ ಮೈದಾನಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಊರಿನ ಬೀದಿಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಕಟ್ಟಿದ್ದರಿಂದ ಆಕಾರ ಅಂಕುಡೊಂಕು. ಎಡಗಡೆ ಬೀದಿ ತೀರ ಹತ್ತಿರ. ಅಲ್ಲಿ ಎದ್ದು ನಿಂತಿರುವುದೇ ‘ಗ್ರೀನ್ ಮಾನ್‌ಸ್ಟರ್’, ಅಂದರೆ ಹಸಿರು ರಾಕ್ಷಸ ಎಂಬ 37 ಅಡಿ ಎತ್ತರದ ಗೋಡೆ. ಬೇರೆ ಕಡೆ ಹೋಮ್ ರನ್ ಆಗಬಹುದಾದ ಎಷ್ಟೋ ಹೊಡೆತಗಳು ಇಲ್ಲಿ ಗೋಡೆಗೆ ಬಡಿದು ಕೆಳಗೆ ಬೀಳುತ್ತವೆ. ಬೇರೆ ಕಡೆ ಸುಲಭದ ಕ್ಯಾಚ್ ಆಗುವಂಥವು ಇಲ್ಲಿ ಗೋಡೆ ದಾಟುತ್ತವೆ.

ಗೋಡೆಯ ತಳದಲ್ಲೇ ಸ್ಕೋರ್ ಫಲಕ. 1934ರಿಂದ ಅದು ಕೈಯಿಂದ ನಡೆಯುವ ಫಲಕ. ಗೋಡೆಯ ಒಳಗೆ ಇಕ್ಕಟ್ಟಿನ ಜಾಗದಲ್ಲಿ ಮನುಷ್ಯರು ನಿಂತು, ಕಿಂಡಿಯಿಂದ ಆಟ ನೋಡುತ್ತಾ, ಅಂಕಿ ಬರೆದ ಹಲಗೆಗಳನ್ನು ತೂಗುಹಾಕುತ್ತಾರೆ. ಫಲಕದ ಬಿಳಿ ಗೆರೆಗಳಲ್ಲಿ ಒಂದು ಗುಟ್ಟೂ ಇದೆ. ಚುಕ್ಕಿ ಮತ್ತು ಅಡ್ಡಗೆರೆಗಳ ಮೋರ್ಸ್ ಸಂಕೇತದಲ್ಲಿ, ತಂಡದ ಹಿಂದಿನ ಒಡೆಯರಾದ ಯಾಕೀ ದಂಪತಿಯ ಹೆಸರಿನ ಮೊದಲಕ್ಷರಗಳನ್ನು ಅಲ್ಲಿ ಬರೆದಿದ್ದಾರೆ. ಹಿಂದೆ ನಮ್ಮ ಅಂಚೆ ಕಚೇರಿಗಳಲ್ಲಿ ಟೆಲಿಗ್ರಾಂ ಕಳಿಸುತ್ತಿದ್ದ ಕಟ್ಟುಕಡ ಭಾಷೆಯೇ ಇದು. ಅಜ್ಜಂದಿರಿಗೆ ನೆನಪಿರಬಹುದು.

ಬಲಗಡೆ ಮೂಲೆಯ ಹಳದಿ ಕಂಬಕ್ಕೆ ಜಾನಿ ಪೆಸ್ಕಿ ಎಂಬ ಆಟಗಾರನ ಹೆಸರು. ತಮಾಷೆ ಎಂದರೆ ಪೆಸ್ಕಿ ಹೋಮ್ ರನ್ ವೀರನಲ್ಲ. ಇಡೀ ಆಟಗಾರ ಜೀವನದಲ್ಲಿ ಹೊಡೆದದ್ದು 17 ಮಾತ್ರ. ಜನ ಆ ಕಂಬದ ಮೇಲೆ ಸಹಿ ಹಾಕಿ ಹೋಗುತ್ತಾರೆ. ನಮ್ಮವರು ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು.

ಬಲಗಡೆಯ ಪ್ರೇಕ್ಷಕರ ಆಸನಗಳೆಲ್ಲ ಹಸಿರು. ನಡುವೆ ಒಂದೇ ಒಂದು ಕೆಂಪು ಕುರ್ಚಿ, 37ನೇ ಸಾಲಿನ 21ನೆಯದು. 1946ರ ಜೂನ್ 9ರಂದು ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ದೂರ ಹಾರಿ ಬಂದದ್ದು ಅಲ್ಲಿಗೆ. ಅಲ್ಲಿ ಒಬ್ಬ ಪ್ರೇಕ್ಷಕ ಹುಲ್ಲಿನ ಟೋಪಿ ಹಾಕಿಕೊಂಡು ಕೂತಿದ್ದ. ಚೆಂಡು ಟೋಪಿಯನ್ನೇ ತೂತು ಮಾಡಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರಿಂದ ಚೆಂಡು ಬರುವುದೇ ಅವನಿಗೆ ಕಾಣಲಿಲ್ಲವಂತೆ.

“ಎಲ್ಲಿ, ಯಾವ ಕಡೆ?” ಎಂದರು ನಮ್ಮವರು. ನಾನು ಬೆರಳು ತೋರಿಸಿದೆ. “ಹೂಂ, ಹೂಂ, ಕಂಡಿತು” ಎಂದರು. ಆಮೇಲೆ ಯೋಚಿಸಿದರೆ, ಅವರು ನೋಡಿದ್ದು ನನ್ನ ಬೆರಳಿನ ದಿಕ್ಕನ್ನಲ್ಲ.

ನಟ್ಟ ನಡುವಿನ ಕೆಲವು ಆಸನಗಳಿಗೆ ಹಗಲಿನ ಆಟದ ದಿನ ಕಪ್ಪು ಟಾರ್ಪಾಲು ಹೊದಿಸುತ್ತಾರೆ. ಅಲ್ಲಿ ಯಾರಿಗೂ ಟಿಕೆಟ್ ಇಲ್ಲ. ಏಕೆಂದರೆ ಬ್ಯಾಟು ಹಿಡಿದವನ ಕಣ್ಣಿಗೆ ನೇರ ಎದುರು ಬರುವುದು ಆ ಜಾಗ. ಜನ ಬಿಳಿ ಅಂಗಿ ಹಾಕಿ ಕೂತರೆ ಬಿಳಿ ಚೆಂಡು ಅದರಲ್ಲಿ ಕಳೆದುಹೋಗುತ್ತದೆ. ಕ್ರಿಕೆಟ್ಟಿನ ಸೈಟ್‌ಸ್ಕ್ರೀನ್ ಬಿಳಿಯದಾದರೆ ಇದು ಕಪ್ಪು, ಕೆಲಸ ಒಂದೇ.

ಕಾಣದ ಚೆಂಡು ಎಷ್ಟು ಅಪಾಯ ಎಂಬುದನ್ನು ಬೇಸ್‌ಬಾಲ್ ನೋವಿನಿಂದ ಕಲಿತಿದೆ. 1920ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ರೇ ಚಾಪ್‌ಮನ್ ಎಂಬ ಆಟಗಾರನ ತಲೆಗೆ ಚೆಂಡು ಬಡಿದು, ಮರುದಿನ ಆತ ತೀರಿಕೊಂಡ. ಆಗ ಹೆಲ್ಮೆಟ್ ಇರಲಿಲ್ಲ. ಒಂದೇ ಚೆಂಡನ್ನು ಮಾಸಿ ಕಂದಾಗುವವರೆಗೆ ಬಳಸುತ್ತಿದ್ದರು. ಅಲ್ಲಿಂದ ಮುಂದೆ ಕೊಳೆಯಾದ ಚೆಂಡನ್ನು ಬದಲಿಸಿ ಬಿಳಿಯದನ್ನು ಕೊಡುವ ಪದ್ಧತಿ ಗಟ್ಟಿಯಾಯಿತು.

ರೌಂಡ್ ಆಫ್ ಮಾಡಿದರೆ ಏನು ತಪ್ಪು?

ಮರುದಿನದ ಆಟಕ್ಕೆ ಬರೋಣ. ಸುಮಾರು 37 ಸಾವಿರ ಜನ ತುಂಬಿದ್ದರು. ನಾವು ಮೂವರೂ ಸಿಪ್ಪೆಯೊಂದಿಗೆ ಹುರಿದ ಕಡಲೆಕಾಯಿಯ ಪೊಟ್ಟಣ ಹಿಡಿದು ಕೂತಿದ್ದೆವು. ಮೊಮ್ಮಗಳ ಕುರ್ಚಿಗೆ ಮಾತ್ರ ಕಂಬದ ಕಾಟವಿರಲಿಲ್ಲ. ಮೂರನೇ ಇನಿಂಗ್ಸ್ ಮುಗಿದು ತಂಡಗಳು ಜಾಗ ಬದಲಿಸುವಾಗ ಅವಳು ಕೇಳಿದಳು, “ತಾತ, ನಿನ್ನೆ ಕೆಂಪು ಕುರ್ಚಿ ನೋಡಿದ್ವಲ್ಲ, ಆ ಟೆಡ್ ವಿಲಿಯಮ್ಸ್ ಅಷ್ಟು ದೊಡ್ಡವನಾ?”

ಮೇಷ್ಟ್ರಿಗೆ ಇಷ್ಟು ಸಾಕಲ್ಲ! ಶುರು ಮಾಡಿದರು.

“ಬೇಸ್‌ಬಾಲಿನಲ್ಲಿ ಹತ್ತು ಸಲಕ್ಕೆ ಮೂರು ಸಲ ಚೆಂಡನ್ನು ಸರಿಯಾಗಿ ಹೊಡೆದು ನೆಲೆ ತಲುಪಿದರೆ ಅವನು ಒಳ್ಳೆಯ ಆಟಗಾರ. ಅದನ್ನು .300 ಅಂತ ಬರೀತಾರೆ. ಇಡೀ ವರ್ಷ ಹತ್ತಕ್ಕೆ ನಾಲ್ಕು ಹೊಡೆಯೋದು, ಅಂದರೆ .400, ಮಹಾ ಕಷ್ಟ. 1941ರಲ್ಲಿ ಟೆಡ್ ವಿಲಿಯಮ್ಸ್‌ಗೆ ಬರೀ ಇಪ್ಪತ್ತಮೂರು ವರ್ಷ. ಕೊನೇ ದಿನದ ಹೊತ್ತಿಗೆ 448 ಸಲ ಆಡಿ 179 ಸಲ ಸರಿಯಾಗಿ ಹೊಡೆದಿದ್ದ. ಭಾಗಿಸು ನೋಡೋಣ.”

ಮೊಮ್ಮಗಳು ಅಪ್ಪನ ಫೋನಿನಲ್ಲಿ ಭಾಗಿಸಿದಳು. “.39955.”

“ಮೂರು ಸ್ಥಾನಕ್ಕೆ ರೌಂಡ್ ಆಫ್ ಮಾಡು.”

“.400! ಬಂದೇಬಿಡ್ತಲ್ಲ ತಾತ!”

“ಬಂದುಬಿಡ್ತು. ಕೊನೇ ದಿನ ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಎರಡು ಪಂದ್ಯ. ಆಡದೆ ಸುಮ್ಮನೆ ಕೂತಿದ್ದರೆ ದಾಖಲೆ ಅವನದೇ. ‘ಬೇಕಾದರೆ ಕೂತುಕೋ’ ಅಂತ ತಂಡದ ಮ್ಯಾನೇಜರೂ ಹೇಳಿದ್ದ. ಅವನು ಕೂರಲಿಲ್ಲ. ಎರಡೂ ಪಂದ್ಯ ಆಡಿದ. ಎಂಟು ಸಲಕ್ಕೆ ಆರು ಸಲ ಹೊಡೆದ. ಈಗ 456ಕ್ಕೆ 185. ಭಾಗಿಸು.”

“.406!”

“ಅಲ್ಲಿಂದ ಇಲ್ಲಿಯ ತನಕ ಆ ಲೀಗಿನಲ್ಲಿ ಇನ್ನೊಬ್ಬ .400 ಮುಟ್ಟಿಲ್ಲ.”

ಮಕ್ಕಳ ಪ್ರಶ್ನೆ ಯಾವಾಗಲೂ ನಾವು ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ಹೋಗುತ್ತದೆ. “ಆದ್ರೆ ತಾತ, ರೌಂಡ್ ಆಫ್ ಮಾಡಿದ್ರೆ ಏನು ತಪ್ಪು? ನಮ್ಮ ಮಿಸ್ ಮಾಡಿಸ್ತಾರಲ್ಲ?”

“ಲೆಕ್ಕದಲ್ಲಿ ತಪ್ಪಿಲ್ಲ ಪುಟ್ಟಿ. ಆದರೆ ನಿಜವಾದ ಅಂಕಿ ಎಷ್ಟು ಅಂತ ಅವನಿಗೆ ಗೊತ್ತಿತ್ತಲ್ಲ.”

ಇಷ್ಟು ಹೇಳಿ ಸುಮ್ಮನಾದರು. ಕೈಯಲ್ಲಿದ್ದ ಕಡಲೆಕಾಯಿಯನ್ನು ಬಿಡಿಸಲೂ ಇಲ್ಲ, ಬಾಯಿಗೂ ಹಾಕಲಿಲ್ಲ. ಆಟ ಮತ್ತೆ ಶುರುವಾಯಿತು. ಮೊಮ್ಮಗಳು ಎದ್ದು ನಿಂತು ಕುಣಿದಳು. “ತಾತ, ನೋಡಿದ್ಯಾ ಅದನ್ನ?”

“ಇಲ್ಲ ಪುಟ್ಟಿ. ನನಗೆ ಕಾಣಲಿಲ್ಲ.”

“ಕಂಬ ಅಡ್ಡ ಇದೆ ಅಲ್ವಾ? ನನ್ನ ಸೀಟಿಗೆ ಬಾ.”

“ಕಂಬ ಅಲ್ಲ” ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಮುಖವನ್ನು ನೇರ ನೋಡದೆ, ಹಕ್ಕಿ ನೋಡುವ ಹಾಗೆ ಸ್ವಲ್ಪ ಓರೆಯಾಗಿ ನೋಡುತ್ತಾ ಹೇಳಿದರು. “ಬಾಲ್ಟಿಮೋರಿನಲ್ಲಿ ಸ್ಕೋರು ಬರೆಯುವಾಗ ಹಾಳೆಯ ಗೆರೆಗಳು ಅಲೆ ಅಲೆಯಾಗಿ ಕಂಡವು ಕಣೇ. ಎಡಗಣ್ಣಲ್ಲ, ಬಲಗಣ್ಣು. ಚೌಕಗಳೆಲ್ಲ ಸೊಟ್ಟ. ಫಿಲಡೆಲ್ಫಿಯಾಕ್ಕೆ ಬರುವ ಹೊತ್ತಿಗೆ ಚೆಂಡು ಕಾಣುತ್ತಿರಲಿಲ್ಲ. ಜನ ಕೂಗಿದಾಗ ನಾನೂ ಕೂಗಿದೆ. ಹತ್ತು ದಿನದಿಂದ ರೌಂಡ್ ಆಫ್ ಮಾಡುತ್ತಾ ಬಂದಿದ್ದೀನಿ.”

ನನಗೆ ಮೊದಲು ಬಂದದ್ದು ಕೋಪ. ಅದರ ಹಿಂದೆಯೇ ಭಯ. “ಯಾಕ್ರೀ ಹೇಳಲಿಲ್ಲ?”

“ಹೇಳಿದ್ದರೆ ಅಲ್ಲೇ ಟೂರ್ ನಿಲ್ಲಿಸಿ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ.”

“ಹೌದು, ಎಳ್ಕೊಂಡು ಹೋಗ್ತಿದ್ದೆ!”

ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ದನಿ ತಗ್ಗಿಸಿದೆ. ಅಲ್ಲಿ ಕೂತು ಜಗಳವಾಡಿ ಪ್ರಯೋಜನವಿರಲಿಲ್ಲ. ಅಲ್ಲದೆ ತಪ್ಪು ಅವರೊಬ್ಬರದೇ ಅಲ್ಲ. ಹಾಳೆ ನನ್ನ ಕೈಗೆ ಬಂದಾಗ ಹಿಗ್ಗಿದೆನೇ ಹೊರತು ಏಕೆ ಬಂತು ಎಂದು ಕೇಳಲಿಲ್ಲ. ಮೂರು ಊರಿನಲ್ಲಿ ಪಕ್ಕದಲ್ಲೇ ಕೂತು, ನೋಡುತ್ತಾ ನೋಡುತ್ತಾ ಸುಮ್ಮನಿದ್ದ ನನಗೂ ಒಂದು ತಿರುಗಿಸಿದ ಕೆ ಬರೆಯಬೇಕು.

ಮಗಳಿಗೆ ಫೋನ್ ಮಾಡಿದೆ. ಅವಳು ಮರುದಿನ ಬೆಳಿಗ್ಗೆಗೇ ಕಣ್ಣಿನ ವೈದ್ಯರ ಬಳಿ ಸಮಯ ಗೊತ್ತು ಮಾಡಿದಳು. “ಈಗ ಏನು ಮಾಡೋಣ, ಮನೆಗೆ ಹೋಗೋಣವಾ?” ಎಂದೆ. ನಮ್ಮವರು ಮಾತಾಡಲಿಲ್ಲ. ಮಾತಾಡಿದ್ದು ಮೊಮ್ಮಗಳು.

“ಅಜ್ಜಿಗೆ ಪಿಚ್ಚರ್ ಕಾಣಲ್ಲ. ತಾತನಿಗೆ ಬಾಲ್ ಕಾಣಲ್ಲ. ನನಗೆ ಎಲ್ಲಾ ಕಾಣುತ್ತೆ. ನಾನು ಹೇಳ್ತೀನಿ, ಅಜ್ಜಿ ಬರೀಲಿ. ತಾತ, ನೀನು ಅದು ಸರಿ ಇದೆಯಾ ಅಂತ ನೋಡ್ಕೋ.”

ಮೂವರ ಆಟ

ಹಾಗೆ ಐದನೇ ಇನಿಂಗ್ಸಿನಿಂದ ನಮ್ಮ ಆಟ ಶುರುವಾಯಿತು. ಮೊಮ್ಮಗಳ ಕನ್ನಡ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಓಡುವವನನ್ನು “ಅವನು ಕಳ್ಳ ತರ ಹೋಗ್ತಿದಾನೆ” ಎಂದಳು. ಎಸೆಯುವವನ ಕಣ್ಣು ತಪ್ಪಿಸಿ ಮುಂದಿನ ನೆಲೆಗೆ ಓಡುವುದಕ್ಕೆ ಬೇಸ್‌ಬಾಲಿನಲ್ಲೂ ಕದಿಯುವುದು ಎಂದೇ ಹೆಸರು! ನಾನು ಬರೆಯುತ್ತಾ ಹೋದೆ. ನಮ್ಮವರು ಕಣ್ಣು ಮುಚ್ಚಿ ಕೇಳುತ್ತಾ, ನಡುವೆ ನಡುವೆ ತಡೆದರು. “ಮೊದಲ ನೆಲೆಯಲ್ಲಿ ಇರುವಾತ ಏನಾದ? ಅವನ ಲೆಕ್ಕ ಬಿಟ್ಟೆಯಲ್ಲ?” ನೋಡಿದರೆ ನಾನು ಬಿಟ್ಟೇ ಇದ್ದೆ. ಟ್ರಾನ್ಸಿಸ್ಟರ್ ಕಾಲದ ಕಿವಿ ಅದು, ಒಂದು ಓಟವೂ ತಪ್ಪುವುದಿಲ್ಲ.

ಕಿವಿಗೆ ಎಷ್ಟು ಕಾಣುತ್ತದೆ ಎಂದು ಅಂದು ನನಗೂ ಗೊತ್ತಾಯಿತು. ಮರದ ಬ್ಯಾಟಿನ ನಡುಮಧ್ಯಕ್ಕೆ ತಗುಲಿದರೆ ಠಕ್ ಎಂದು ಶುದ್ಧ ಸದ್ದು. ತುದಿಗೆ ತಗುಲಿದರೆ ಒಡಕು ಸದ್ದು. ಚೆಂಡು ಹಸಿರು ಗೋಡೆಗೆ ಬಡಿದಾಗ ಮಾತ್ರ ಎಲ್ಲಕ್ಕಿಂತ ಬೇರೆ, ದಪ್ಪ ಬಾಗಿಲಿಗೆ ಗುದ್ದಿದ ಹಾಗೆ. “ಗೋಡೆ!” ಎಂದರು ನಮ್ಮವರು, ಮೊಮ್ಮಗಳು ಬಾಯಿ ತೆರೆಯುವ ಮುಂಚೆ. ಅವರ ಮುಖದಲ್ಲಿ ಹತ್ತು ದಿನದಿಂದ ಕಾಣದ ನಗು.

ಏಳನೇ ಇನಿಂಗ್ಸಿನ ನಡುವೆ ಇಡೀ ಕ್ರೀಡಾಂಗಣ ಎದ್ದು ಮೈಮುರಿದು ಹಾಡುವುದು ಎಲ್ಲ ಮೈದಾನದ ವಾಡಿಕೆ. ಎಂಟನೆಯದರ ನಡುವೆ ನೀಲ್ ಡೈಮಂಡ್‌ನ ‘ಸ್ವೀಟ್ ಕ್ಯಾರೊಲೈನ್’ ಹಾಡುವುದು ಫೆನ್‌ವೇಯ ವಾಡಿಕೆ. ನಮ್ಮ ಹಿಂದೆ ಒಬ್ಬ ವಯಸ್ಸಾದಾತ ಮಗ, ಮೊಮ್ಮಗನ ಜೊತೆ ನಿಂತು ಗಂಟಲು ಹರಿಯುವಂತೆ ಹಾಡುತ್ತಿದ್ದ. ಈ ಊರಿನ ರೆಡ್ ಸಾಕ್ಸ್ ತಂಡ 1918ರಲ್ಲಿ ಗೆದ್ದ ಮೇಲೆ ಮತ್ತೆ ಅಂತಿಮ ಸರಣಿ ಗೆದ್ದದ್ದು 2004ರಲ್ಲಿ, 86 ವರ್ಷ ಬಿಟ್ಟು. ಕಾಯುತ್ತಾ ಕಾಯುತ್ತಾ ತೀರಿಕೊಂಡ ಅಪ್ಪಂದಿರ, ಅಜ್ಜಂದಿರ ಸಮಾಧಿಗೆ ಹೋಗಿ ತಂಡದ ಟೋಪಿ ಇಟ್ಟು ಬಂದವರಿದ್ದರಂತೆ. ನೋಡಲು ಆಗದವರಿಗೆ ಆಟದ ಸುದ್ದಿ ಮುಟ್ಟಿಸಿದ್ದು.

ಆಟ ಮುಗಿದಾಗ ನಮ್ಮ ಹಾಳೆಯಲ್ಲಿ ಒಂದು ರನ್ನಿನ ಲೆಕ್ಕ ತಪ್ಪಿತ್ತು. ನಮ್ಮವರು ಬೆರಳೆಣಿಸಿ, ಹಿಂದಿನಿಂದ ಲೆಕ್ಕ ಹಾಕಿ, ಆರನೇ ಇನಿಂಗ್ಸಿನಲ್ಲಿ ನಾನು ಮಾಡಿದ ತಪ್ಪನ್ನು ಹಿಡಿದರು. ಗೋಡೆಯ ಮೇಲಿನ ಫಲಕಕ್ಕೂ ನಮ್ಮ ಹಾಳೆಗೂ ತಾಳೆಯಾಯಿತು.

ಆಮೇಲೆ

ಮರುದಿನ ವೈದ್ಯರು ಪರೀಕ್ಷಿಸಿದರು. ಬಲಗಣ್ಣಿನ ಒಳಪದರದ ಹಿಂದೆ ಬೇಡದ ರಕ್ತನಾಳಗಳು ಬೆಳೆದು ದ್ರವ ಸೋರುತ್ತಿತ್ತು. ಇದಕ್ಕೆ ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ಹೆದರಬೇಡಿ, ಹನಿ ಹಾಕಿ ಮರಗಟ್ಟಿಸಿರುತ್ತಾರೆ. “ಇರುವೆ ಕಚ್ಚಿದಷ್ಟೂ ಇಲ್ಲ” ಎಂದರು ನಮ್ಮವರು. ಮೊದಲನೆಯದು ಅಲ್ಲೇ ಆಯಿತು. ಉಳಿದವು ಬೆಂಗಳೂರಿನಲ್ಲಿ ನಡೆಯುತ್ತಿವೆ. ಹೋದ ದೃಷ್ಟಿ ಪೂರ್ತಿ ಮರಳಿಲ್ಲ. ಇದ್ದದ್ದು ನಿಂತಿದೆ, ಗೆರೆಗಳು ಕೊಂಚ ನೆಟ್ಟಗಾಗಿವೆ, ದಪ್ಪ ಅಕ್ಷರ ಓದುತ್ತಾರೆ. ಈ ಕಾಯಿಲೆಯಲ್ಲಿ ವಾರಗಳಲ್ಲ, ದಿನಗಳೂ ಲೆಕ್ಕಕ್ಕೆ ಬರುತ್ತವೆ ಎಂದು ವೈದ್ಯರು ಹೇಳಿದಾಗ ನಮ್ಮವರು ತಲೆ ತಗ್ಗಿಸಿದರು.

ಓದುವ ಅಜ್ಜ ಅಜ್ಜಿಯರಿಗೆ ಒಂದು ಮಾತು. ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಿಂದ ಕಿಟಕಿಯ ಸರಳುಗಳನ್ನೋ, ಮೊಮ್ಮಕ್ಕಳ ಲೆಕ್ಕದ ಪುಸ್ತಕದ ಚೌಕಗಳನ್ನೋ ನೋಡಿ. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ. ನೆಟ್ಟಗಿರುವ ಗೆರೆ ಬಾಗಿದಂತೆ, ಮುರಿದಂತೆ ಕಂಡರೆ, ನಡುವೆ ಮಸುಕು ಚುಕ್ಕೆ ಕಂಡರೆ, ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಎರಡೂ ಕಣ್ಣು ತೆರೆದಿದ್ದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕಿಬಿಡುತ್ತದೆ, ಅದಕ್ಕೇ ಒಂದೊಂದಾಗಿ ನೋಡಬೇಕು. ಮನೆಯವರ ಹತ್ತಿರ ರೌಂಡ್ ಆಫ್ ಮಾಡಿ ಹೇಳಬೇಡಿ.

ಮಕ್ಕಳಿಗೂ ಒಂದು ಕೆಲಸ. ಮನೆಯಲ್ಲಿ ಟಿವಿ ಮುಂದೆ ಕೂತು ಕ್ರಿಕೆಟ್ ನೋಡುವ ತಾತನಿಗೋ ಅಜ್ಜಿಗೋ ಒಂದು ಓವರ್ ನೀವೇ ಬಾಯಲ್ಲಿ ಹೇಳಿ. ಎಲ್ಲಿ ಹೋಯಿತು, ಯಾರು ಹಿಡಿದರು, ಎಷ್ಟು ಓಡಿದರು. ಅವರಿಗೆ ಎಷ್ಟು ಕಾಣುತ್ತಿತ್ತು, ಎಷ್ಟು ಕಾಣುತ್ತಿರಲಿಲ್ಲ ಎಂಬುದು ನಿಮಗೆ ತಾನಾಗಿಯೇ ತಿಳಿಯುತ್ತದೆ.

ಫೆನ್‌ವೇಯ ಆ ಹಾಳೆ ಈಗ ಹಾಸನದ ಮನೆಯ ಗೋಡೆಯಲ್ಲಿದೆ, ಆರನೇ ಇನಿಂಗ್ಸಿನ ತಿದ್ದುಪಡಿಯ ಸಮೇತ. ಮುಂದಿನ ಸಲ ಚಿಕಾಗೋದ ರಿಗ್ಲಿ ಫೀಲ್ಡ್‌ಗೆ ಹೋಗೋಣ ಎನ್ನುತ್ತಿದ್ದಾರೆ ನಮ್ಮವರು. ಅದು 1914ರದು, ಫೆನ್‌ವೇಗಿಂತ ಎರಡೇ ವರ್ಷ ಚಿಕ್ಕದು.

“ಅಲ್ಲೂ ಹಳೇ ಕಂಬಗಳಿವೆಯಂತೆ” ಎಂದೆ.

“ಕಂಬದ ಹಿಂದಿನ ಸೀಟೇ ತಗೊಳ್ಳೋಣ ಬಿಡು, ಅಗ್ಗ” ಎಂದರು. “ಪುಟ್ಟಿಗೆ ಮಾತ್ರ ಒಳ್ಳೇದೊಂದು ಕೊಡಿಸೋಣ.”